ದಾಖಲೆ ಪುಸ್ತಕದ ಕೊನೆಯ ಸಾಲು

ಜುಲೈ ಹದಿನಾಲ್ಕು, ಮಂಗಳವಾರ. ಆ ಸೀಮೆಗೆ ಅದು ಚಳಿಗಾಲ. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ನೆರಿಡಾ ಹ್ಯಾಲೊರನ್ ಎಂಬ ವೃದ್ಧೆ ವಿಲ್ಗಾ ಬೆಂಡ್ ಠಾಣೆಗೆ ಬಂದು ದೂರು ಕೊಟ್ಟರು. ಪ್ರಾರ್ಥನೆ ಮುಗಿಸಿ ಚರ್ಚಿನಿಂದ ಮನೆಗೆ ಮರಳುವಷ್ಟರಲ್ಲಿ, ಸಾಕಿದ್ದ ಉದ್ದ ಕತ್ತಿನ ಆಮೆ ಡಾಟಿ ಕಳುವಾಗಿತ್ತು.

"ನಮ್ಮನೆಯವರು ಕ್ಲೈವ್ ತೀರ್ಕೊಂಡು ಆರು ವಾರ ಆಯ್ತು. ಮನೇಲಿ ನನ್ ಜೊತೆ ಉಳಿದಿದ್ದ ಜೀವ ಅದೊಂದೇ ಕಣಮ್ಮ."

ಸಾರ್ಜೆಂಟ್ ಏವ್ರಿಲ್ ಕೂಂಬ್ ದೂರು ದಾಖಲಿಸಿಕೊಂಡು, ಕಾನ್‌ಸ್ಟೆಬಲ್ ಲಾಕ್ಲನ್‌ನೊಂದಿಗೆ ಒಂಬತ್ತೂ ನಲವತ್ತಕ್ಕೆ ಮನೆಯ ಮಹಜರು ಆರಂಭಿಸಿದಳು. ಬೀಗ ಒಡೆದಿರಲಿಲ್ಲ. ಖಾಲಿ ಗಾಜಿನ ತೊಟ್ಟಿಯ ಮೇಲೆ ಕಾವಿನ ದೀಪ ಉರಿಯುತ್ತಲೇ ಇತ್ತು.

"ಮಾರೋ ಕಳ್ಳ ಇಷ್ಟು ಬೆಲೆಯ ದೀಪ ಬಿಟ್ಟೋಗ್ತಿರ್ಲಿಲ್ಲ," ಎಂದ ಲಾಕ್ಲನ್. "ಆಮೆ ತಾನೇ ಬಾಗಿಲು ತೆಗೆದ್ಕೊಂಡು ಹೋಯ್ತು ಅಂತ ಬರೀಲಾ?"

"ಬಾಯ್ಮುಚ್ಕೊಂಡು ಅಳತೆ ಹಿಡಿ."

ಪಕ್ಕದಲ್ಲಿ ಆಮೆ ಸಾಕುವ ಪರವಾನಗಿಯ ದಾಖಲೆ ಪುಸ್ತಕವಿತ್ತು. ಆಮೆಯನ್ನು ಹೊರಗೆ ಒಯ್ಯುವ ಮುನ್ನ ತೂಗಿ ಬರೆಯಬೇಕೆಂಬುದು ಸಾಕುವವರ ಕಟ್ಟಳೆ. ಕೊನೆಯ ಸಾಲಿನಲ್ಲಿ ಅಂದಿನದೇ ತಾರೀಖು, ಬೆಳಗಿನ ಏಳೂವರೆ, ಆಮೆಯ ತೂಕ.

"ಇದನ್ನ ಬರೆದಿದ್ದು ನೀವಾ?"

"ನಾನಲ್ಲ."

ಕಳ್ಳ ಜೀವಮಾನದ ರೂಢಿಯಂತೆ ತೂಗಿ, ಬರೆದಿಟ್ಟು ಹೋಗಿದ್ದ. 7ರ ಅಂಕಿಯ ನಡುವೆ ಅಡ್ಡಗೀಟೆಳೆಯುವ ಆ ಕೈ ಏವ್ರಿಲ್‌ಗೆ ಗೊತ್ತು. ಶಾಲೆಯಲ್ಲಿ ಅವಳ ಲೆಕ್ಕದ ಪುಸ್ತಕಗಳನ್ನೆಲ್ಲ ತಿದ್ದಿದ ಕೈ ಅದು.

"ಡೆಸ್ಮಂಡ್ ಮೇಷ್ಟ್ರ ಹತ್ರ ಈ ಮನೆ ಬೀಗದಕೈ ಇದೆಯಾ?"

"ಇದೆ. ಕ್ಲೈವ್‌ಗೆ ಚಿಕ್ಕಂದಿನ ಗೆಳೆಯ ಅವನು..." ನೆರಿಡಾ ಮತ್ತೆ ಆ ಕೊನೆಯ ಸಾಲಿನತ್ತ ನೋಡಿದರು.

ಮೇಷ್ಟರು ಮನೆಯಲ್ಲಿರಲಿಲ್ಲ. ಬಕೆಟ್ಟು ಹಿಡಿದು ಈಗಷ್ಟೇ ನದಿಯ ಕಡೆ ಹೊರಟರೆಂದು ನೆರೆಯಾಕೆ ಹೇಳಿದಳು. ಏವ್ರಿಲ್ ನದಿಯತ್ತ ಧಾವಿಸಿದಳು. ಬೆಚ್ಚನೆಯ ತೊಟ್ಟಿಯ ಆಮೆ ಚಳಿಗಾಲದ ಮರ್ರೇ ನದಿಗೆ ಬಿದ್ದರೆ ಬದುಕುವುದಿಲ್ಲ. ಅದಕ್ಕೆ ರೋಗವಿದ್ದರೆ ನದಿಯ ಆಮೆಗಳೂ ಉಳಿಯುವುದಿಲ್ಲ.

ಹತ್ತೂ ಮೂವತ್ತೈದು. ಡೆಸ್ಮಂಡ್ ಆರ್ಮರಾಡ್ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಡಾಟಿ ಅವರ ಎರಡೂ ಕೈಗಳಲ್ಲಿತ್ತು.

"ಮೇಷ್ಟ್ರೇ, ಅಲ್ಲೇ ನಿಲ್ಲಿ."

"ಭಾಗಾಕಾರ ಬಾರದ ಹುಡುಗಿ ನನ್ನ ಹಿಡಿಯೋಕೆ ಬಂದ್ಯಾ?"

"ಸಾಕಿದ ಆಮೇನ ನದಿಗೆ ಬಿಡಬಾರದು ಅಂತ ಆಮೆ ಸಾಕೋರ ಸಂಘದಲ್ಲಿ ಎಲ್ಲರಿಗೂ ಹೇಳ್ತಿದ್ದವರು ಯಾರು?"

 ಮುದುಕರ ಕೈ ನೀರಿನತ್ತ ಇಳಿಯಿತು. ಏವ್ರಿಲ್ ಬೂಟು ಕಾಲಲ್ಲೇ ನೀರಿಗಿಳಿದಳು.

"ಪರವಾನಗಿ ಕ್ಲೈವ್ ಹೆಸರಲ್ಲಿತ್ತು," ಎಂದರು ಕೊನೆಗೆ. "ಇನ್ನು ವನ್ಯಜೀವಿ ಇಲಾಖೆಯವರು ಒಯ್ದು ಯಾರಿಗೋ ಕೊಡ್ತಾರೆ."

"ನೆರಿಡಾ ಅಮ್ಮ ತಮ್ಮ ಹೆಸರಿಗೆ ಅರ್ಜಿ ಹಾಕಿ ಆಯ್ತು, ಮೇಷ್ಟ್ರೇ. ಅವರನ್ನ ಒಂದು ಮಾತು ಕೇಳ್ಬಾರದಿತ್ತಾ? ಡಾಟಿ ಕಾಲು ನೋಡಿ, ಆಗಲೇ ಸೆಟೆದುಕೊಳ್ತಿದೆ."

ಡೆಸ್ಮಂಡ್ ಬಗ್ಗಿ ನೋಡಿದರು. ಆಮೆಯನ್ನು ಕೋಟಿನೊಳಗೆ ಎದೆಗವಚಿಕೊಂಡು ದಡಕ್ಕೆ ಬಂದರು.

ಹತ್ತೂ ಐವತ್ತಕ್ಕೆ ಬಂಧನ. ಹೇಳಿಕೆ ಚಿಕ್ಕದು. ಹುಡುಗರಾಗಿದ್ದಾಗ ಅವರೂ ಕ್ಲೈವ್‌ನೂ ಸೇರಿ ನದಿಯ ಆ ತಿರುವಿನಲ್ಲೇ ಡಾಟಿಯನ್ನು ಮರಿಯಾಗಿ ಕದ್ದು ತಂದಿದ್ದರು. ಅಪರಾಧವೆಂದು ಕ್ಲೈವ್ ಹೆಂಡತಿಗೂ ಹೇಳಿರಲಿಲ್ಲ. ಸಾಯುವ ಮುನ್ನಾದಿನ ಕ್ಲೈವ್ ಗೆಳೆಯನ ಕೈ ಹಿಡಿದು, ಕದ್ದಲ್ಲೇ ಬಿಟ್ಟು ಬಾ ಎಂದು ಮಾತು ತೆಗೆದುಕೊಂಡಿದ್ದ. ಕೂಡದೆಂದು ತಿಳಿದಿದ್ದೂ ಮೇಷ್ಟರು ಒಪ್ಪಿದ್ದರು.

ನೆರಿಡಾ ಹೇಳಿಕೆಯನ್ನು ಎರಡು ಸಲ ಓದಿಸಿಕೊಂಡರು. ಕೋಪಿಸಿಕೊಳ್ಳಲಿಲ್ಲ. ಠಾಣೆಯ ಬೆಂಚಿನ ಮೇಲೆ ಕುಳಿತು ಕಣ್ಣು ಮುಚ್ಚಿದರು. ಏವ್ರಿಲ್ ಟೋಪಿ ತೆಗೆದು ಪಕ್ಕದಲ್ಲಿ ನಿಂತಳು.

"ಕರ್ತನೇ, ನಿನ್ನ ದಾಸ ಕ್ಲೈವ್‌ನ ಬಾಲ್ಯದ ತಪ್ಪನ್ನು ಮನ್ನಿಸು. ನಡೆಯದೆ ಹೋದ ಮಾತಿಗಾಗಿ ಅವನ ಆತ್ಮ ತಳಮಳಿಸದಿರಲಿ. ಅವನಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸು. ಆಮೆನ್."