ಹಿತ್ತಾಳೆಯಲ್ಲಿ ಕೊರೆದ ಹೆಸರು

ಕಿಟಕಿಯ ಪಕ್ಕದ ಮೇಜನ್ನು ಬಿಟ್ಟುಕೊಡಬೇಕೆಂದು ಮಾಲೀಕರಾದ ಹಸಮುಖಭಾಯಿ ಹೇಳಿದ್ದು ಚಹಾ ಕುಡಿಯುತ್ತಾ, ನಗುನಗುತ್ತಲೇ.

"ನಾಣಿಭಾಯ್, ಕಂಪ್ಯೂಟರ್ ಕೋ ಏಸಿ ಚಾಹಿಯೇ. ಏಸಿ ಕೋ ಖಿಡಕಿ ಚಾಹಿಯೇ. ಮೈ ಕ್ಯಾ ಕರೂಂ?"

ಅಂಧೇರಿ ಪೂರ್ವದ ಆ ಗಾಳಾದಲ್ಲಿ, ಆ ಸಣ್ಣ ಕಾರ್ಖಾನೆಯ ಮಳಿಗೆಯಲ್ಲಿ, ಬೋರ್ಡು ಬರೆಯುವ ಕೆಲಸ ಶುರುವಾದಂದಿನಿಂದ ಆ ಮೇಜು ನಾಣಿಯದು. ಅಲ್ಲಿ ಬೀಳುವ ಬೆಳಕಿನಲ್ಲಿ ಅವನು ಉಡುಪಿ ಹೋಟೆಲುಗಳ ಬೋರ್ಡು ಬರೆದಿದ್ದ, ಡಾಕ್ಟರುಗಳ ಹೆಸರು ಬರೆದಿದ್ದ, ಕಟ್ಟಡಗಳ ಹೆಸರು ಬರೆದಿದ್ದ. ಕನ್ನಡ, ಮರಾಠಿ, ಇಂಗ್ಲಿಷ್ ಯಾವುದಾದರೂ ಸರಿ, ಅಳತೆ ಹಾಕದೆ ಕುಂಚ ಇಟ್ಟರೂ ಸಾಲು ಓರೆಯಾಗುತ್ತಿರಲಿಲ್ಲ. ಮಾಟುಂಗಾದಲ್ಲಿ ಬಸ್ಸಿನಿಂದ ಇಳಿದಾಗ ತನ್ನ ಅಕ್ಷರ ಎದುರಿಗೆ ಕಂಡರೆ, ಯಾರೋ ಪರಿಚಯದವರು ಸಿಕ್ಕಂತೆ ಒಂದು ಗಳಿಗೆ ನಿಲ್ಲುತ್ತಿದ್ದ.

ಈಗ ಕಿಟಕಿಯನ್ನು ಏಸಿ ನುಂಗಿತ್ತು. ಉಳಿದ ಸಂದಿಗೆ ಕಪ್ಪು ಪರದೆ ಬಂತು. ಪರದೆಯ ಈಚೆ ಕಂಪ್ಯೂಟರ್, ಅದರ ಮುಂದೆ ಮೋಹಿನಿ. ವಿಲೆ ಪಾರ್ಲೆಯ ಕಂಪ್ಯೂಟರ್ ಕ್ಲಾಸು ಮುಗಿಸಿ ಬಂದ ಹುಡುಗಿ. ಅವಳ ಮಾವನದು ಸ್ಟೇಷನ್ ಹತ್ತಿರ ಒಂದು ಹೋಟೆಲು. ಮನೆಯಲ್ಲಿ ತುಳು, ಹೊರಗೆ ಹಿಂದಿ, ನಾಣಿಯ ಜೊತೆ ಮಾತ್ರ ತಡವರಿಸುವ ಕನ್ನಡ. ಪಕ್ಕದ ಕೋಣೆಯಲ್ಲಿ ಜಪಾನಿನಿಂದ ತರಿಸಿದ ಕೊರೆಯುವ ಯಂತ್ರ ಕೂತಿತ್ತು. ಮೋಹಿನಿ ಕಂಪ್ಯೂಟರಿನ ಪರದೆಯ ಮೇಲೆ ಎಳೆದ ಗೆರೆಯನ್ನು ಅದು ಹಿತ್ತಾಳೆಯಲ್ಲಿ, ಮರದಲ್ಲಿ, ಅಕ್ರಿಲಿಕ್ಕಿನಲ್ಲಿ ಚಾಚೂ ತಪ್ಪದೆ ಕೊರೆಯುತ್ತಿತ್ತು. ನಾಣಿಗೆ ಉಳಿದದ್ದು ಕೊರೆದ ಅಕ್ಷರಗಳಿಗೆ ಬಣ್ಣ ತುಂಬುವುದು, ಒರೆಸುವುದು, ವಾರ್ನಿಷ್ ಹಚ್ಚುವುದು.

ಮೋಹಿನಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ಅವನಿಗೆ ಕಾರಣ ಬೇಕಿತ್ತು. ಆದರೆ ಅವಳು ಕಾರಣ ಕೊಡುತ್ತಿರಲಿಲ್ಲ. ಬಂದ ವಾರದಲ್ಲೇ ಕುರ್ಚಿ ಎಳೆದು ಹಾಕಿ ಕರೆದಳು.

"ಅಂಕಲ್, ಕೂತ್ಕೊಳ್ಳಿ ನಾ. ನಾನ್ ಸಿಖಾತೀನಿ ನಿಮ್ಗೆ. ಈಸಿ ಇದೆ."

ಅವಳು ಹೇಳಿಕೊಟ್ಟದ್ದು ನಿಜಕ್ಕೂ ಸುಲಭವಾಗಿತ್ತು. ಇದರಲ್ಲಿ ಅಕ್ಷರವೆಂದರೆ ಬಣ್ಣವಲ್ಲ, ಅಂಚಿನ ಗೆರೆ ಮಾತ್ರ. ಗೆರೆಯೆಂದರೆ ಕೆಲವು ಚುಕ್ಕೆಗಳು ಮತ್ತು ಅವುಗಳ ನಡುವಿನ ಬಾಗು. ಒಂದೊಂದು ಚುಕ್ಕೆಗೂ ಎರಡು ಮೀಸೆ. ಮೀಸೆ ಹಿಡಿದು ಎಳೆದರೆ ಗೆರೆ ಬಾಗುತ್ತದೆ. ಕನ್ನಡವನ್ನು ಟೈಪು ಮಾಡಲು ಅದರಲ್ಲಿ ಅನುಕೂಲವಿರಲಿಲ್ಲ. ಗಿರಾಕಿ ಬರೆದುಕೊಟ್ಟ ಹಾಳೆಯನ್ನು ಸ್ಕ್ಯಾನರಿಗೆ ಹಾಕಿ, ಪರದೆಯಲ್ಲಿ ಮೂಡಿದ ಚಿತ್ರದ ಮೇಲೆ ಚುಕ್ಕೆ ಇಡುತ್ತಾ ಹೋಗಬೇಕು. ಕೊನೆಯ ಚುಕ್ಕೆ ಮೊದಲನೆಯದಕ್ಕೆ ಸೇರಬೇಕು. ಸೇರದೆ ಬಾಯಿ ತೆರೆದುಕೊಂಡಿದ್ದರೆ ಯಂತ್ರಕ್ಕೆ ಯಾವುದು ಒಳಗೆ, ಯಾವುದು ಹೊರಗೆ ತಿಳಿಯುವುದಿಲ್ಲ.

"ಪಾಯಿಂಟ್ ಜಾಸ್ತಿ ಇಡಬಾರ್ದು ಅಂಕಲ್. ಕಮ್ಮಿ ಇದ್ರೆ ಸ್ಮೂತ್ ಬರುತ್ತೆ."

ಇಷ್ಟನ್ನು ನಾಣಿಯ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೆರೆ ಎಲ್ಲಿ ತಿರುಗುತ್ತದೆ, ಎಲ್ಲಿ ಉಸಿರು ಬಿಡುತ್ತದೆ ಎಂಬುದು ಕುಂಚಕ್ಕೆ ಗೊತ್ತಿತ್ತು. ಅವನು ಮೌಸಿನ ಮೇಲೆ ಕೈ ಇಟ್ಟ. ಆಮೇಲೆ, ಯಾಕೆಂದು ತನಗೇ ಸರಿಯಾಗಿ ತಿಳಿಯದೆ, ಅದನ್ನು ಮೇಜಿನ ಅಂಚಿನಿಂದ ಕೆಳಗೆ ಬೀಳಿಸಿದ. ಮೋಹಿನಿ ನಕ್ಕಳು. ಹಸಮುಖಭಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಚೂಹಾ ಭಾಗ್ ಗಯಾ!" ಅಂದಿನಿಂದ ಆ ಓಡಿಹೋದ ಇಲಿ ಗಾಳಾದಲ್ಲಿ ಒಂದು ತಮಾಷೆಯಾಯಿತು. ಪ್ರತಿ ಪಾಠದಲ್ಲೂ ನಾಣಿ ಗೆರೆಯನ್ನು ಗೋಜಲು ಮಾಡಿದ, ತಪ್ಪು ಗುಂಡಿ ಒತ್ತಿದ, ಕೈ ನಡುಗಿಸಿದ. ಕೊನೆಗೆ ಮೋಹಿನಿಯೇ ಸೋತು, "ಜಾನೇ ದೋ ಅಂಕಲ್," ಎಂದು ಬೇಜಾರಿನಿಂದ ಅವನ ಕೈ ತಟ್ಟಿದಳು.

ಊಟದ ಹೊತ್ತಿನಲ್ಲಿ ಅವಳು ಮಾವನ ಹೋಟೆಲಿಗೆ ಹೋಗುತ್ತಿದ್ದಳು. ಹಸಮುಖಭಾಯಿ ಮನೆಗೆ ಹೋಗಿ ಮಲಗುತ್ತಿದ್ದರು. ನಾಣಿ ಡಬ್ಬಿಯಲ್ಲಿನ ಮೊಸರನ್ನವನ್ನು ಗಬಗಬನೆ ತಿಂದು, ಕೈ ತೊಳೆದು ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಮೊದಲ ದಿನ 'ಅ' ಬರೆದ. ಚುಕ್ಕೆಗಳು ಹೇಳಿದ ಕಡೆ ಕೂತವು, ಬಾಗು ಎಳೆದ ಕಡೆ ಬಾಗಿತು. ತಿದ್ದಿದರೆ ಕಲೆ ಉಳಿಯುತ್ತಿರಲಿಲ್ಲ. ಕುಂಚಕ್ಕೆ ಎಂದೂ ಸಿಗದಿದ್ದ ಈ ಕ್ಷಮೆ ಅವನಿಗೆ ಎಷ್ಟು ಹಿಡಿಸಿತೆಂದರೆ, ಮೋಹಿನಿ ಬರುವ ತನಕ ಕಾದಿದ್ದು ತೋರಿಸೋಣವೆಂದು ಎದ್ದು ಬಾಗಿಲ ತನಕ ಹೋದ. ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿತು. ವಾಪಸು ಬಂದು ಎಲ್ಲವನ್ನೂ ಅಳಿಸಿ, ವಾರ್ನಿಷ್ ಡಬ್ಬಿ ಹಿಡಿದುಕೊಂಡ. ತೋರಿಸಿದ್ದರೆ ಆ ಹುಡುಗಿಯ ಶಿಷ್ಯನಾಗಿ ಉಳಿಯಬೇಕಾಗಿತ್ತು. ಅವನಿಗೆ ಬೇಕಾದದ್ದು ಮೇಜು.

ವಡಾಳಾದ ಲೋಕಲ್ ರೈಲಿನಲ್ಲಿ ನಿಂತುಕೊಂಡು ಬರುವಾಗ, ಆಂಟಾಪ್ ಹಿಲ್ಲಿನ ಮನೆಯಲ್ಲಿ ಉಣ್ಣಲು ಕೂತಾಗ, ಅವನ ಬೆರಳು ಗಾಳಿಯಲ್ಲಿ ಚುಕ್ಕೆ ಇಡುತ್ತಿತ್ತು. "ಏನ್ರೀ ಅದು, ತಟ್ಟೆ ಮೇಲೆ?" ಎಂದು ಹೆಂಡತಿ ಅಲಮೇಲು ಕೇಳಿದರೆ ಕೈ ಮಡಚಿಕೊಳ್ಳುತ್ತಿದ್ದ. ಕಲಿತ ವಿದ್ಯೆಯನ್ನು ಯಾರಿಗೂ ತೋರಿಸಲಾಗದ ಸಂಕಟವಿತ್ತು. ಅದರ ಜೊತೆಗೇ ಒಂದು ಯೋಚನೆ ಬೆಳೆಯುತ್ತಿತ್ತು. ಮೌಸು ಹಿಡಿಯಲು ಬಾರದವನೆಂದು ಎಲ್ಲರೂ ನಂಬಿರುವ ಮನುಷ್ಯ, ಮೌಸಿನಿಂದ ಏನು ಮಾಡಿದರೂ ಸಿಕ್ಕಿಬೀಳುವುದಿಲ್ಲ.

ವಿಲೆ ಪಾರ್ಲೆಯ ಕನ್ನಡ ಕೂಟದಿಂದ ಹಿತ್ತಾಳೆ ಫಲಕದ ಕೆಲಸ ಬಂದಾಗ ಆ ಯೋಚನೆಗೆ ರೂಪ ಬಂತು. ಕೂಟದವರು ಹೊಸದಾಗಿ ಒಂದು ಸಭಾಗೃಹ ಕಟ್ಟಿಸಿದ್ದರು. ಕೂಟದ ಅಧ್ಯಕ್ಷರಾದ ಸತ್ಯಮೂರ್ತಿಗಳು ಅದನ್ನು ಭಾನುವಾರ ತೆರೆಯುವವರಿದ್ದರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅವರು ಹೇಳಿದರೆ ಊರಿನ ಅರ್ಧ ಹೋಟೆಲಿನವರು ಬೋರ್ಡು ಮಾಡಿಸಲು ಇಲ್ಲಿಗೆ ಬರುತ್ತಾರೆ ಎಂಬುದು ಹಸಮುಖಭಾಯಿಯ ಲೆಕ್ಕ. ಇಂಥ ಕೆಲಸ, ಅದೂ ಕನ್ನಡದ್ದು, ಕನ್ನಡ ಓದಲು ಬಾರದ ಹುಡುಗಿಗೆ ಹೋಯಿತು. ಮಾಲೀಕರು ನಾಣಿಯ ಕಡೆ ತಿರುಗಿಯೂ ನೋಡಲಿಲ್ಲ.

ಮೋಹಿನಿ ನೋಡಿದಳು. "ಅಂಕಲ್, ಒಂದ್ ಸರ್ತಿ ಚೆಕ್ ಮಾಡಿ ನಾ, ಪ್ಲೀಸ್. ನಂಗೆ ಪಢನಾ ಬರಲ್ವಲ್ಲ. ನಾನು ಬರೀ ಡ್ರಾಯಿಂಗ್ ಥರಾ ಮಾಡ್ತೀನಿ."

"ಕಂಪ್ಯೂಟರಿನದು ನನಗೇನು ತಿಳಿಯುತ್ತಮ್ಮಾ," ಎಂದ ನಾಣಿ. "ಅವರು ಕೊಟ್ಟ ಹಾಗೆ ಮಾಡು, ಸಾಕು."

ಅವಳು ಕೊಟ್ಟ ಹಾಗೆಯೇ ಮಾಡಿದಳು. ಬಂದ ಅಕ್ಷರವೇ ಮತ್ತೆ ಬಂದರೆ ಎರಡನೆಯ ಸಲ ಬರೆಯದೆ, ಮೊದಲಿನದನ್ನೇ ನಕಲು ಮಾಡಿ ಅಂಟಿಸುತ್ತಿದ್ದಳು. ಕೆಲಸ ಬೇಗ ಆಗುವ ಉಪಾಯ. ನಾಣಿ ಬಣ್ಣ ಕಲಸುತ್ತಾ ಅದನ್ನೇ ಗಮನಿಸಿದ್ದ. ಫಲಕದ ಮೊದಲ ಸಾಲಿನಲ್ಲಿ 'ಹತ್ತನೆಯ ವರ್ಷದ ನೆನಪಿಗೆ' ಎಂದಿತ್ತು. ಕೆಳಗೆ 'ಸತ್ಯಮೂರ್ತಿ' ಎಂದಿತ್ತು. ಮೇಲಿನ 'ತ್ತ'ವನ್ನು ತಂದು ಕೆಳಗಿನ 'ತ್ಯ'ದ ಜಾಗಕ್ಕೆ ಅಂಟಿಸಿದರೆ ಸತ್ಯಮೂರ್ತಿ ಸತ್ತಮೂರ್ತಿಯಾಗುತ್ತಾರೆ. ಓದು ಬಾರದ ಹುಡುಗಿ ಅವಸರದಲ್ಲಿ ತಪ್ಪು ತುಂಡನ್ನು ಅಂಟಿಸಿಬಿಟ್ಟಳು, ಅಷ್ಟೇ. ಯಾರು ನೋಡಿದರೂ ಹಾಗೆಯೇ ತಿಳಿಯುತ್ತಾರೆ. ಅವಳೂ ಹಾಗೆಯೇ ತಿಳಿಯುತ್ತಾಳೆ.

ಆ ಉಪಾಯದಲ್ಲಿ ಅವನಿಗೆ ಎಲ್ಲಿಯೂ ಬಿರುಕು ಕಾಣಲಿಲ್ಲ. ಮೋಹಿನಿ ಶನಿವಾರ ಊಟ ಮಾಡಿ ಬಂದು ಯಂತ್ರಕ್ಕೆ ಹಾಕುತ್ತಾಳೆ. ಸಂಜೆ ಫಲಕ ಹೋಗುತ್ತದೆ, ಗಾರೆಯವನು ಗೋಡೆಗೆ ಕೂರಿಸಿ ಬಟ್ಟೆ ಮುಚ್ಚುತ್ತಾನೆ. ನಡುವೆ ಯಾರಾದರೂ ಕಣ್ಣು ಹಾಯಿಸಿದರೂ, ಅಲ್ಲಿ ಇರಬೇಕಾದ ಹೆಸರು ಅವರಿಗೆ ಮೊದಲೇ ಗೊತ್ತಿರುತ್ತದೆ. ಕಣ್ಣು ತನಗೆ ಗೊತ್ತಿರುವುದನ್ನೇ ಓದುತ್ತದೆ. ಬೋರ್ಡು ಬರೆದು ಬರೆದು ಅವನು ಕಲಿತ ಪಾಠ ಅದು. ಬಟ್ಟೆ ಸರಿಸಿ, ಯಾರಾದರೂ ಗಟ್ಟಿಯಾಗಿ ಓದಿದಾಗಲೇ ತಪ್ಪು ಬಾಯಿಗೆ ಸಿಗುವುದು.

ಶನಿವಾರ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಸಿಕ್ಕಿತು. 'ತ್ಯ'ವನ್ನು ಅಳಿಸಿದ, 'ತ್ತ'ವನ್ನು ತಂದಿಟ್ಟ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಅಂತರ ಸರಿಮಾಡಿದ. ಆಮೇಲೆ ಎಂದಿನ ಅಭ್ಯಾಸದಂತೆ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕಣ್ಣಾಡಿಸಿ, ಅಲ್ಲಿ ಇಲ್ಲಿ ಕೈಯಾಡಿಸಿ, ಮುಚ್ಚಿ ಎದ್ದ. ಮೋಹಿನಿ ಬಂದಾಗ ಅವನು ನೆಲದಲ್ಲಿ ಕೂತು ಮರದ ಹಲಗೆ ಉಜ್ಜುತ್ತಿದ್ದ. ಅವಳು ಹೋಟೆಲಿನಿಂದ ಅವನಿಗೆಂದು ಬಾಳೆಹಣ್ಣಿನ ಬನ್ಸ್ ತಂದಿದ್ದಳು. ಅವನು ಅದನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟ. ಪಕ್ಕದ ಕೋಣೆಯಲ್ಲಿ ಹಿತ್ತಾಳೆ ಕೊರೆಯುವ ಕೀರಲು ಸದ್ದು ಶುರುವಾದಾಗ ಎದ್ದು ಹೋಗಿ ಮೆಟ್ಟಿಲಲ್ಲಿ ನಿಂತ.

ಭಾನುವಾರ ಮನೆಯಲ್ಲಿ ಕೂರಲಾಗಲಿಲ್ಲ. ತರಕಾರಿ ತರುತ್ತೇನೆಂದು ಹೋಗಿ ಬರಿಗೈಯಲ್ಲಿ ಬಂದ. ಮತ್ತೆ ಹೋಗಿ ಮನೆಯಲ್ಲಿದ್ದ ಆಲೂಗಡ್ಡೆಯನ್ನೇ ಇನ್ನಷ್ಟು ತಂದ. ಈಗ ಬಟ್ಟೆ ಸರಿದಿರಬೇಕು, ಈಗ ಓದಿರಬೇಕು, ಎಂದು ಮನಸ್ಸು ವಿಲೆ ಪಾರ್ಲೆಯಲ್ಲೇ ಸುತ್ತುತ್ತಿತ್ತು. ಮೋಹಿನಿಗೆ ಬೇರೆ ಕಡೆ ಕೆಲಸ ಸಿಗುತ್ತದೆ, ಕಂಪ್ಯೂಟರ್ ಕಲಿತವಳು, ಎಂದು ತನಗೆ ತಾನೇ ಮತ್ತೆ ಮತ್ತೆ ಹೇಳಿಕೊಂಡ.

ಸೋಮವಾರ ಅವನು ಬಂದಾಗ ಫಲಕ ಅವನ ಹಳೆಯ ಮೇಜಿನ ಮೇಲಿತ್ತು. ಅಂಚಿಗೆ ಇನ್ನೂ ಗಾರೆ ಮೆತ್ತಿಕೊಂಡಿತ್ತು. ಎದುರಿಗೆ ಸತ್ಯಮೂರ್ತಿಗಳು ನಿಂತಿದ್ದರು. ಅವರ ಹೆಂಡತಿ ಕೌಸಲ್ಯಮ್ಮ ಕುರ್ಚಿಯಲ್ಲಿ ಕೂತಿದ್ದರು.

"ಮೈಕಿನಲ್ಲಿ ಓದಿಬಿಟ್ಟರು ಕಣಯ್ಯಾ, ಮೈಕಿನಲ್ಲಿ!" ಸತ್ಯಮೂರ್ತಿಗಳು ಕನ್ನಡದವನು ಕಂಡೊಡನೆ ಅವನ ಮೇಲೆ ಕೂಗಿದರು. "ಸತ್ತಮೂರ್ತಿಯವರು ತೆರೆದರು ಅಂತ! ಮೊಮ್ಮಕ್ಕಳೂ ನಕ್ಕುಬಿಟ್ಟವು. ಇನ್ನು ನನ್ನನ್ನು ಯಾರು ಆ ಹೆಸರು ಬಿಟ್ಟು ಬೇರೆ ಕರೀತಾರೆ?"

ಮೋಹಿನಿಯ ಕಣ್ಣು ಕೆಂಪಗಾಗಿತ್ತು. ತಾನೇ ನಕಲು ಮಾಡುವಾಗ ತಪ್ಪಿರಬೇಕೆಂದು, ನೆನಪಿಲ್ಲವೆಂದು, ಆದರೆ ತನ್ನದೇ ಕೆಲಸವೆಂದು ಅವಳು ಹಿಂದಿಯಲ್ಲಿ ಒಪ್ಪಿಕೊಂಡಳು. ನಾಣಿ ಊಹಿಸಿದ್ದಕ್ಕಿಂತ ಸಲೀಸಾಗಿ ಎಲ್ಲವೂ ನಡೆಯಿತು. ಹಸಮುಖಭಾಯಿ ಅವಳಿಗೆ ನಾಳೆಯಿಂದ ಬರಬೇಡವೆಂದರು. ನಾಣಿಯ ಕಡೆ ತಿರುಗಿ, "ತುಮ್ಹೇ ದಿಖಾಯಾ ನಹೀಂ ಥಾ?" ಎಂದು ಕೇಳಿದರು.

"ನಹೀಂ ಸೇಠ್. ಈ ಕೆಲಸವನ್ನು ನಾನು ಕಣ್ಣೆತ್ತಿಯೂ ನೋಡಿಲ್ಲ, ದೇವರಾಣೆ," ಎಂದು ನಾಣಿ ಎರಡೂ ಭಾಷೆಯಲ್ಲಿ, ಎಲ್ಲರಿಗೂ ತಿಳಿಯುವಂತೆ ಹೇಳಿದ. "ಹಾಳೆಯನ್ನೂ ನೋಡಿಲ್ಲ, ಕಂಪ್ಯೂಟರಿನಲ್ಲೂ ನೋಡಿಲ್ಲ. ನೋಡಿದ್ದರೆ ಹೀಗಾಗುತ್ತಿತ್ತೇ?"

ಹಸಮುಖಭಾಯಿ ಹೌದೆಂಬಂತೆ ತಲೆಯಾಡಿಸಿದರು. ಕನ್ನಡ ಕೆಲಸ ಇನ್ನು ಮುಂದೆ ನಾಣಿಭಾಯಿಯದೇ, ಕುಂಚದಲ್ಲೇ ಆಗಲಿ, ಎಂದರು. ನಾಣಿ ಕಪ್ಪು ಪರದೆಯನ್ನು ನೋಡಿದ. ಅದನ್ನು ತೆಗೆದರೆ ಬೆಳಗಿನ ಹೊತ್ತು ಸ್ವಲ್ಪವಾದರೂ ಬೆಳಕು ಬರುತ್ತದೆ ಎಂದುಕೊಂಡ.

ಆಗ, ಅಷ್ಟು ಹೊತ್ತೂ ಫಲಕದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಕೂತಿದ್ದ ಕೌಸಲ್ಯಮ್ಮ ತಲೆಯೆತ್ತಿದರು. "ಅಲ್ಲಾ, ಇದೊಂದನ್ನ ಯಾರು ತಿದ್ದಿದ್ದು? ಹಾಳೆ ಬರೆದುಕೊಟ್ಟಿದ್ದು ನಾನೇ ಕಣಮ್ಮಾ. ಅವಸರದಲ್ಲಿ 'ಧ'ದ ಹೊಟ್ಟೆ ಸೀಳೋದು ಮರೆತು 'ಅದ್ಯಕ್ಷ' ಅಂತ ಬರೆದಿದ್ದೆ. ಆಮೇಲೆ ನೆನಪಾಗಿ ಇವರ ಹತ್ರ ಬೈಸ್ಕೊಂಡೆ. ಫೋನ್ ಮಾಡೋಣ ಅಂದ್ರೆ ನಮ್ಮ ಫೋನು ಡೆಡ್ಡು. ಇಲ್ಲಿ ನೋಡಿದ್ರೆ 'ಅಧ್ಯಕ್ಷ' ಅಂತ ಎಷ್ಟು ಚೆನ್ನಾಗಿ ಸೀಳಿದೆ! ಓದಕ್ಕೆ ಬರೋರು ಯಾರೋ ತಿದ್ದಿದಾರೆ." ಮೋಹಿನಿ ಬಗ್ಗಿ ಆ ಸಣ್ಣ ಗೀಟನ್ನು ನೋಡಿದಳು. ತಾನು ಇಟ್ಟ ಚುಕ್ಕೆಗಳು ಅವಳಿಗೆ ಗೊತ್ತಿದ್ದವು, ಇದು ಅವಳದಾಗಿರಲಿಲ್ಲ. ಕೌಸಲ್ಯಮ್ಮನ ಮಾತನ್ನು ಅವಳು ಮೆಲ್ಲಗೆ ಹಿಂದಿಗೆ ತಿರುಗಿಸಿ ಮಾಲೀಕರಿಗೆ ಹೇಳಿದಳು. ನಾಣಿಗೆ ಶನಿವಾರದ ಆ ಕೊನೆಯ ಗಳಿಗೆ ಈಗ ನೆನಪಾಯಿತು: ಸಾಲಿನ ಮೇಲೆ ಕಣ್ಣು ಓಡುತ್ತಿದ್ದಾಗ, ಎಲ್ಲಿ ತಪ್ಪು ಕಂಡರೂ ತಿದ್ದಿ ರೂಢಿಯಾದ ಕೈ, ಕೇಳದೆಯೇ ಅಲ್ಲೊಂದು ಗೀಟು ಎಳೆದಿತ್ತು. ಹುಡುಗಿಗೆ ಬಾಯಲ್ಲಿ ಹೇಳಿದ್ದೆ ಎನ್ನಲು ತುಟಿ ತೆರೆದ. ಕಣ್ಣೆತ್ತಿಯೂ ನೋಡಿಲ್ಲವೆಂದು ಆಣೆಯಿಟ್ಟ ಮಾತು ಇನ್ನೂ ಅಲ್ಲೇ ಇತ್ತು. ಹಸಮುಖಭಾಯಿ ಚಹಾದ ಲೋಟವನ್ನು ಕೆಳಗಿಟ್ಟು, ಗಾಳಾದಲ್ಲಿ ಕನ್ನಡ ಓದಬಲ್ಲ ಒಬ್ಬನೇ ಒಬ್ಬನಾದ ಅವನ ಕಡೆ ತಿರುಗಿದರು. ಆದರೆ ಮೊದಲು ಕೇಳಿದವಳು ಮೋಹಿನಿ, ಕೋಪದಿಂದಲ್ಲ, ನಂಬಲಾಗದೆ: "ಅಂಕಲ್, ನಿಮ್ಗೆ ಮೌಸ್ ಹಿಡಿಯೋಕೆ ಬರುತ್ತಾ?"