ಮೂರು ದಾರಿ ಕೂಡುವಲ್ಲಿ ಇಟ್ಟದ್ದು

"ಅದರ ಮೇಲೆ ಹತ್ತಿಸಬೇಡಿ ಮಾರಾಯ್ರೆ," ಎಂದು ಮ್ಯಾಕ್ಸಿಮ್‌ಗೆ ಹೇಳುವುದಕ್ಕೆಂದೇ ಕುಂಞಾಲಿ ಸಾಹೇಬರು ತಮ್ಮ ಹಿಲ್‌ಮನ್ ಕಾರಿನಿಂದ ಇಳಿದು ಬಂದರು. "ಯಾರದ್ದೋ ಮೈಯಿಂದ ತೆಗೆದು ಇಲ್ಲಿ ಬಿಟ್ಟದ್ದು ಅದು. ದಾಟಿದವರ ಜೊತೆ ಹೋಗ್ತದೆ."

ಅಜೆಕಾರಿಗೆ ಸ್ವಲ್ಪ ಮೊದಲು ಮೂರು ದಾರಿಗಳು ಕೂಡುವ ಜಾಗ ಅದು. ರಸ್ತೆಯ ನಡುವೆ ಬಾಳೆಲೆ, ಎಲೆ ತುಂಬ ಕೆಂಪು ನೀರು, ಒಡೆದ ತೆಂಗಿನಕಾಯಿ, ಕುಂಕುಮ ಮೆತ್ತಿದ ನಾಲ್ಕು ಲಿಂಬೆಹಣ್ಣು. ಎಂಬತ್ತನಾಲ್ಕರ ಜನವರಿಯ ಆ ಭಾನುವಾರ ಹಳೆ ಕಾರುಗಳ ಕ್ಲಬ್ಬಿನವರು ಕಾಪುವಿನಿಂದ ಹೊರಟು, ಶಿರ್ವ, ಕಾರ್ಕಳ ದಾಟಿ, ಅಜೆಕಾರಿನಲ್ಲಿ ಊಟ ಮಾಡುವುದೆಂದು ನಿಶ್ಚಯಿಸಿದ್ದರು. ಮುಂದೆ ಹೋದವರೆಲ್ಲ ಚಕ್ರಗಳನ್ನು ಪಕ್ಕದ ಮಣ್ಣಿಗೆ ಇಳಿಸಿ, ಎಲೆಯನ್ನು ಬಳಸಿಕೊಂಡೇ ಹೋಗಿದ್ದರು. ಹಿಂದೆ ಉಳಿದದ್ದು ಸಾಹೇಬರು ಮತ್ತು ಮ್ಯಾಕ್ಸಿಮ್ ಇಬ್ಬರೇ.

ಮ್ಯಾಕ್ಸಿಮ್ ಬೊಂಬಾಯಿಯಿಂದ ಬಂದು ಉಡುಪಿಯಲ್ಲಿ ಫೋಟೋ ಸ್ಟುಡಿಯೋ ತೆರೆದವನು. ಕ್ಲಬ್ಬಿಗೆ ಹೊಸಬ. ಊರಿನವರ ಹೆದರಿಕೆ ಕಂಡರೆ ಅವನಿಗೆ ಒಂಥರಾ ಖುಷಿ. ಎದುರಿಗಿದ್ದವರು ಹಿಂಜರಿದಷ್ಟೂ ಇವನಿಗೆ ಹುರುಪು. ಮೋರಿಸ್ ಕಾರಿನ ಹಿಂದಿನ ಸೀಟಿನಲ್ಲಿ ಹೆಂಡತಿ ಡುಲ್ಸಿನ್, ಅವಳ ಮಡಿಲಲ್ಲಿ ಆಂಜೆಲಾ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿಲ್ಲದೆ, ಅತ್ತೂರಿನ ಇಗರ್ಜಿಗೆ ಹರಕೆ ಹೊತ್ತು ಪಡೆದ ಒಬ್ಬಳೇ ಮಗಳು.

"ಬೊಂಬಾಯಿಯಲ್ಲಿ ಹೊಸ ಗಾಡಿ ತಂದರೆ ಚಕ್ರದಡಿ ಲಿಂಬೆ ಇಡ್ತಾರೆ ಸಾಹೇಬರೇ. ಇಲ್ಲಿ ಯಾರೋ ಪುಣ್ಯಾತ್ಮರು ಮೊದಲೇ ಇಟ್ಟಿದ್ದಾರೆ," ಎಂದು ಮ್ಯಾಕ್ಸಿಮ್ ನಕ್ಕ. ಬೇಡ ಎಂದು ಡುಲ್ಸಿನ್ ಅವನ ಭುಜ ಹಿಡಿದಳು. ಅವನು ಸ್ಟೇರಿಂಗ್ ಹಿಡಿದು, ಕತ್ತು ಹೊರಗೆ ಹಾಕಿ, ಅಳತೆ ಮಾಡಿದವನ ಹಾಗೆ ಚಕ್ರವನ್ನು ಎಲೆಯ ಮೇಲೇ ಬಿಟ್ಟ. ಪಚಕ್ಕೆಂದಿತು. ಸಾಹೇಬರು ತಮ್ಮ ಕಾರಿಗೆ ಮರಳಿದರು. ಜೊತೆಗೆ ಕರೆತಂದಿದ್ದ ತಮ್ಮ ಮಗಳ ಕೂಸಿಗೆ ಹಾಲು ಕುಡಿಸಬೇಕೆಂದು ಅವರ ಹೆಂಡತಿ ಆಸ್ಯಾ ಹೇಳಿದ್ದರಿಂದ ಅಲ್ಲೇ ಮರದಡಿ ನಿಂತುಬಿಟ್ಟರು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರಿನೊಳಗೆ ವಾಸನೆ ಎದ್ದಿತು. ಸುಟ್ಟ ಕೋಳಿಪುಕ್ಕದ ವಾಸನೆ, ಅದರ ಹಿಂದೆ ಹಸಿ ಅರಿಶಿನದ ಘಾಟು. ಕಿಟಕಿ ಇಳಿಸಿದರೂ ಹೋಗಲಿಲ್ಲ. ಹೊರಗೆ ಕಣ್ಣು ಕುಕ್ಕುವ ಬಿಸಿಲು.

"ಪಪ್ಪಾ, ಯಾಕೆ ಕತ್ತಲಾಯ್ತು?" ಎಂದು ಆಂಜೆಲಾ ಕೇಳಿದಳು.

ಮ್ಯಾಕ್ಸಿಮ್ ಗಕ್ಕನೆ ಬ್ರೇಕ್ ಹಾಕಿದ. ಮಗುವಿನ ಕಣ್ಣು ಅಗಲವಾಗಿ ತೆರೆದಿತ್ತು; ಕೈಯಾಡಿಸಿದರೆ ರೆಪ್ಪೆ ಮಿಟುಕಲಿಲ್ಲ. ಅಂಗೈಗಳೆರಡೂ ಎಲೆಯ ಮೇಲಿದ್ದ ಆ ನೀರಿನಷ್ಟೇ ಕೆಂಪಾಗಿದ್ದವು. ಕಾರ್ಕಳದ ಆಸ್ಪತ್ರೆಗೆ ತಿರುಗಿಸೋಣವೆಂದರೆ ಎಂಜಿನ್ ನಿಂತುಹೋಗಿತ್ತು. ಇಳಿದು ಹ್ಯಾಂಡಲ್ ಹಾಕಿ ತಿರುಗಿಸಿದ. ಅಂಗೈ ಸುಲಿಯುವವರೆಗೆ ತಿರುಗಿಸಿದ. ಒಂದು ಕೆಮ್ಮೂ ಇಲ್ಲ. ಅವನ ಜೀವಮಾನದಲ್ಲಿ ಅಷ್ಟು ಹೆದರಿಕೆ ಅವನಿಗೆ ಎಂದೂ ಆಗಿರಲಿಲ್ಲ.

ರಸ್ತೆಯ ಕೆಳಗೆ ಒಂದು ಮನೆ ಕಂಡಿತು. ಮಗುವನ್ನು ಎತ್ತಿಕೊಂಡು ಇಬ್ಬರೂ ಓಡಿದರು. ಜಗಲಿಯಲ್ಲಿ ಬಡಕಲು ಹುಡುಗಿಯೊಬ್ಬಳು ಗಂಜಿ ಉಣ್ಣುತ್ತಿದ್ದಳು. ಬಡಿಸುತ್ತಿದ್ದ ತಾಯಿಯ ಮುಖದಲ್ಲಿ ಹಬ್ಬದ ಕಳೆಯಿತ್ತು. ಆಕೆ ಅಮ್ಮಣ್ಣಿ. ಆಂಜೆಲಾಳ ಅಂಗೈ ನೋಡಿದ್ದೇ ಆ ಕಳೆ ಆರಿಹೋಯಿತು.

"ಇವತ್ತು ಬೆಳಗಾಗುವವರೆಗೆ ಅದು ನನ್ನ ಸರಸಳ ಮೈಯಲ್ಲಿ ಇತ್ತು ಬಾಯಮ್ಮ," ಎಂದಳು, ಡುಲ್ಸಿನ್‌ಳ ಮುಖ ನೋಡಲಾರದೆ. "ಬೆಳಿಗ್ಗೆ ತೆಗೆಸಿ ಅಲ್ಲಿ ಇಡಿಸಿದೆ. ಯಾರೂ ದಾಟದಿದ್ದರೆ ಸಂಜೆಗೆ ವಾಪಸ್ ಬರ್ತಿತ್ತು. ಯಾರಾದರೂ ದಾಟಲೇಬೇಕಿತ್ತು."

ಜಾಗದ ಜಗಳದಲ್ಲಿ ನೆರೆಯವನು ಮಾಡಿಸಿದ ಮಾಟವಂತೆ. ಮ್ಯಾಕ್ಸಿಮ್‌ಗೆ ಅವಳ ಕತ್ತು ಹಿಸುಕಬೇಕೆನಿಸಿತು. ಹಿಸುಕಲಿಲ್ಲ, ಅಂಗಳದ ಸೆಗಣಿನೆಲದ ಮೇಲೆ ಮೊಣಕಾಲೂರಿ, ಅದನ್ನು ನನ್ನ ಮೈಗೆ ಹಾಕಿ ಎಂದು ಬೇಡಿಕೊಂಡ. ಅಮ್ಮಣ್ಣಿ ತಲೆಯಲ್ಲಾಡಿಸಿದಳು. ಕೇಳಿದವರಿಗೆ ಅದು ಹೋಗುವುದಿಲ್ಲ, ದಾಟಿದವರಲ್ಲಿ ಅತಿ ಚಿಕ್ಕವರನ್ನೇ ಹಿಡಿಯುತ್ತದೆ ಎಂದಳು. ಮತ್ತೆ ಒಳಗೆ ಹೋಗಿ ಬಾಳೆಲೆ, ಲಿಂಬೆ, ಕೆಂಪು ನೀರು ತಂದಳು. ಮಗುವಿನ ಮೈಮೇಲೆ ಲಿಂಬೆ ಇಳಿಸುವುದು ಹೇಗೆಂದು ತೋರಿಸಿಕೊಟ್ಟಳು.

ಹಾಗೇ ಲಿಂಬೆ ಇಳಿಸಿ, ರಸ್ತೆಯ ತಿರುವಿನಾಚೆ, ದೂರದಿಂದ ಕಾಣದ ಕಡೆ, ಮ್ಯಾಕ್ಸಿಮ್ ಎಲೆಯನ್ನು ಇಟ್ಟ. ಯಾರು ದಾಟುತ್ತಾರೆ ಎಂದು ಡುಲ್ಸಿನ್ ಕೇಳಿದಳು. ಅವನು ಲಿಂಬೆಗಳನ್ನು ಎಲೆಯ ನಡುವಿಗೆ ಸರಿಸಿದ.

ಕಾದರು. ಬಸ್ಸಿಲ್ಲ. ಸೈಕಲ್ಲಿಲ್ಲ. ಕಾಗೆ ಕೂಡ ಕೂಗಲಿಲ್ಲ. ಆಂಜೆಲಾಳ ಉಸಿರು ಗಂಟಲಲ್ಲಿ ಗೊರಗೊರ ಎನ್ನುತ್ತಿತ್ತು. ತುಟಿ ಕಪ್ಪಾಯಿತು. ಕೆಂಪು ಮೊಣಕೈವರೆಗೆ ಏರಿತು. ಡುಲ್ಸಿನ್ ಜಪಮಾಲೆ ಹಿಡಿದಿದ್ದಳು. ಪ್ರಾರ್ಥನೆಯ ಮಾತು ಮರೆತುಹೋಗಿ ಬರೀ ಮಣಿ ಎಳೆಯುತ್ತಿದ್ದಳು.

ಹಾರ್ನ್ ಕೇಳಿಸಿತು.

ಯಾವುದಾದರೂ ಲಾರಿಯಿರಲಿ ದೇವರೇ ಎಂದುಕೊಂಡು ಮ್ಯಾಕ್ಸಿಮ್ ತಿರುವಿಗೆ ಓಡಿದ. ಲಾರಿಯಲ್ಲ. ಹಸಿರು ಹಿಲ್‌ಮನ್. ಸ್ಟೇರಿಂಗಿನ ಹಿಂದೆ ಸಾಹೇಬರ ಬಿಳಿ ಟೊಪ್ಪಿ, ಪಕ್ಕದಲ್ಲಿ ಆಸ್ಯಾ, ಅವಳ ಎದೆಗೆ ಒರಗಿ ಮಲಗಿದ ಕೂಸು. ನಿಲ್ಲಿಸಿ ಎನ್ನಲು ಅವನು ಕೈ ಎತ್ತಿದ. ನಿಲ್ಲಿಸುವುದಕ್ಕೇ ಎತ್ತಿದ್ದು, ಅದರಲ್ಲಿ ಸುಳ್ಳಿಲ್ಲ.

"ಮ್ಯಾಕ್ಸಿಮ್," ಎಂದಳು ಹಿಂದಿನಿಂದ ಡುಲ್ಸಿನ್. "ಉಸಿರಿಲ್ಲ."

ಎತ್ತಿದ ಕೈ ಬೀಸಿತು. ಬನ್ನಿ, ಬನ್ನಿ. ತಿರುವಿನಲ್ಲಿ ಮುಂದಿನ ಗಾಡಿಯವನು ಕೈಬೀಸಿದರೆ ಆಚೆ ರಸ್ತೆ ತೆರವು ಎಂದು ಅರ್ಥ. ಕ್ಲಬ್ಬಿನವರು ಆ ಕೈಯನ್ನು ಕಣ್ಣುಮುಚ್ಚಿ ನಂಬುತ್ತಾರೆ. ಸಾಹೇಬರು ನಂಬಿದರು. ಕಾರು ವೇಗವಾಗಿ ತಿರುಗಿತು. ಪಚಕ್ಕೆಂದಿತು.

ಆಂಜೆಲಾ ಕೆಮ್ಮಿದಳು. ಅತ್ತಳು. ನೀರು ಬೇಕೆಂದಳು. ಮ್ಯಾಕ್ಸಿಮ್ ಅವಳ ಕೆನ್ನೆಗೆ ಕೆನ್ನೆ ಒತ್ತಿ ಹುಚ್ಚನಂತೆ ಅಳತೊಡಗಿದ. ಡುಲ್ಸಿನ್ ಅಳಲಿಲ್ಲ. ಆ ಕೈಯನ್ನು ಅವಳು ನೋಡಿದ್ದಳು. ಮಗುವನ್ನು ಅವನ ತೋಳಿನಿಂದ ಬಿಡಿಸಿಕೊಂಡು ದೂರ ಸರಿದು ನಿಂತಳು.

ಮುಂದೆ ನಿಂತ ಕಾರಿನಿಂದ ಆಸ್ಯಾಳ ಸ್ವರ ಕೇಳಿಸಿತು. ಮೊದಲು ಕೂಸಿನ ಹೆಸರು ಹಿಡಿದು ಮೆಲ್ಲಗೆ ಕರೆದಳು, ಆಮೇಲೆ ಜೋರಾಗಿ. ಸಾಹೇಬರು ಕೂಸನ್ನು ಹೊತ್ತುಕೊಂಡು, ಟೊಪ್ಪಿ ಬಿದ್ದದ್ದೂ ಗೊತ್ತಿಲ್ಲದೆ ಓಡಿ ಬಂದರು. ತಮ್ಮ ಕಾರು ಇದ್ದಕ್ಕಿದ್ದಂತೆ ನಿಂತುಹೋಯಿತು, ಕಾರ್ಕಳದ ಆಸ್ಪತ್ರೆಗೆ ಬಿಡಿ ಎಂದು ಅಂಗಲಾಚಿದರು. ಪುಟ್ಟ ಅಂಗೈಗಳು ಕೆಂಪಾಗಿದ್ದವು.

ಮೋರಿಸ್ ಒಂದೇ ಸುತ್ತಿಗೆ ಚಾಲೂ ಆಯಿತು. ಹಿಂದೆ ಕೂಸಿನ ಜೊತೆ ಆಸ್ಯಾ ಕುಳಿತಳು. ಡುಲ್ಸಿನ್ ಹತ್ತಲಿಲ್ಲ, ಮಗಳನ್ನು ಅವಚಿಕೊಂಡು ರಸ್ತೆಯ ಬದಿಯಲ್ಲೇ ನಿಂತಳು. ಸಾಹೇಬರು ಮುಂದೆ ಕುಳಿತು, ಕೈಯನ್ನು ಮ್ಯಾಕ್ಸಿಮ್‌ನ ಭುಜದ ಮೇಲಿಟ್ಟರು.

"ನೀವು ಇಲ್ಲಿ ಸಿಕ್ಕಿದ್ದು ದೇವರ ದಯೆ ಮ್ಯಾಕ್ಸಿಮ್. ನಿಮ್ಮ ಮಗು ನೂರು ವರ್ಷ ಬಾಳಲಿ."

ಹೇಳಿದರೆ ಕೂಸನ್ನು ಉಳಿಸುವ ದಾರಿಯಿತ್ತು. ಅಮ್ಮಣ್ಣಿಯ ಮನೆ ಅಲ್ಲೇ ಕೆಳಗೆ ಕಾಣುತ್ತಿತ್ತು. ಆದರೆ ಹೇಳಬೇಕಾದರೆ ಕೈಬೀಸಿದ್ದನ್ನೂ ಹೇಳಬೇಕಿತ್ತು.

ಮ್ಯಾಕ್ಸಿಮ್ ಗೇರು ಹಾಕಿದ.