ಚಂದ್ರಿಕೆಗೆ ಬಿದ್ದ ಪ್ಲೇಟು

"ಈಗ ಇದರ ತಲೆ ತೆಗೀಬೇಕು," ಎಂದಳು ಪ್ರತಿಮಾ ಚಿಕ್ಕಮ್ಮ.

"ಅಯ್ಯೋ ಪಾಪ," ಎಂದಳು ಇಂಚರ.

ಚಿಕ್ಕಮ್ಮ ನಗುತ್ತ ಟ್ರೈಪಾಡಿನ ಮೇಲ್ತುದಿಯನ್ನು ತಿರುಗಿಸಿದಳು. ಕ್ಯಾಮೆರಾ ಕೂರುವ ಆ ತಲೆ ಗರಗರ ತಿರುಗಿ ಅವಳ ಕೈಗೆ ಬಂತು. ತಲೆ ಇದ್ದರೆ ಟ್ರೈಪಾಡು ಸೂಟ್‌ಕೇಸಿಗಿಂತ ಗೇಣುದ್ದ ಹೆಚ್ಚು. ತಲೆ ತೆಗೆದು ಓರೆಯಾಗಿ ಮಲಗಿಸಿದರೆ ಮೂಲೆಯಿಂದ ಮೂಲೆಗೆ ಸರಿಯಾಗಿ ಕೂರುತ್ತದೆ.

"ಪ್ಲೇನಲ್ಲಿ ಕೈಯಲ್ಲೇ ಹಿಡ್ಕೊಂಡು ಕೂರಕಾಗಲ್ವಾ?"

"ಒಂದ್ಸಲ ಹಂಗೇ ಮಾಡಕ್ಕೋದೆ. ಅದರ ಪಾದದ ರಬ್ಬರ್ ಬಿಚ್ಚಿ ನೋಡು."

ಇಂಚರ ರಬ್ಬರನ್ನು ತಿರುಗಿಸಿದಳು. ಒಳಗಿನಿಂದ ಚೂಪಾದ ಕಬ್ಬಿಣದ ಮೊನೆ ಇಣುಕಿತು.

"ಅದನ್ನ ನೋಡಿ ಸೆಕ್ಯೂರಿಟಿಯವರು ತಡೆದ್ಬಿಟ್ರು. ವಾಪಸ್ ಓಡೋಗಿ ಲಗೇಜಿಗೆ ಹಾಕಿ, ಎಲ್ಲರಿಗಿಂತ ಲೇಟಾಗಿ ಪ್ಲೇನ್ ಹತ್ತಿದೆ. ಅವತ್ತಿಂದ ಇದು ಸೂಟ್‌ಕೇಸಲ್ಲಿ, ಕ್ಯಾಮೆರಾ ನನ್ನ ತೊಡೆ ಮೇಲೆ."

ಚಿಕ್ಕಮ್ಮ ಟ್ರೈಪಾಡಿನ ಕಾಲುಗಳಿಗೆ ಸ್ವೆಟರ್ ಸುತ್ತಿದಳು. ತಲೆಗೆ ಅಜ್ಜಿಯ ಹಳೆ ಸೀರೆಯ ತುಂಡನ್ನು ಸುತ್ತಿ, ಬಟ್ಟೆಗಳ ನಡುವೆ ಹುದುಗಿಸಿದಳು.

"ಎಳೇ ಮಗೀಗೆ ಸುತ್ತದಂಗೆ ಸುತ್ತವ್ಳಲ್ಲ ಮುಕ್ಕಾಲಿಯ," ಎಂದು ಸಿದ್ದಮ್ಮಜ್ಜಿ ನಗುತ್ತ ರೇಷ್ಮೆ ಹುಳದ ಮನೆಯ ಕಡೆ ಹೊರಟಳು.

ಅಪ್ಪ ಲೋಕೇಶ್ ಹಿಪ್ಪುನೇರಳೆ ಸೊಪ್ಪು ತೂಗುವ ತಕ್ಕಡಿಯ ಕೊಕ್ಕೆಗೆ ಸೂಟ್‌ಕೇಸನ್ನೇ ನೇತುಹಾಕಿದ. ಅದು ಕುರಿಮರಿಯಂತೆ ತೂಗಾಡಿತು.

"ಪಾಸು," ಎಂದ ಅಪ್ಪ. "ಇನ್ನೂ ಒಂದು ಡಬ್ಬ ಉಂಡೆ ಹಾಕ್ಬೋದು."

"ನಿಂಗೆ ಉಂಡೇದೇ ಚಿಂತೆ, ಭಾವ. ಇಂಚರ, ಎಲ್ಲಿ, ಪ್ಲೇಟ್ ಕೊಡು."

ಪ್ಲೇಟು ಎಂದರೆ ಊಟದ ಪ್ಲೇಟಲ್ಲ. ಬಿಸ್ಕತ್ತಿನಷ್ಟು ಅಗಲದ ಕಪ್ಪು ಲೋಹದ ತುಂಡು, ನಡುವೆ ಒಂದು ಸ್ಕ್ರೂ. ಕ್ಯಾಮೆರಾವನ್ನು ಟ್ರೈಪಾಡಿಗೆ ಹಿಡಿದಿಡುವುದು ಅದೊಂದೇ. ಬೆಳಿಗ್ಗೆ ಹುಳಗಳ ಶೂಟಿಂಗ್ ಮುಗಿದ ಮೇಲೆ ಚಿಕ್ಕಮ್ಮ ಅದನ್ನು ಇಂಚರಳ ಕೈಗೆ ಕೊಟ್ಟು, ಜೋಪಾನ ಎಂದಿದ್ದಳು.

ಇಂಚರ ಫ್ರಾಕಿನ ಜೇಬಿಗೆ ಕೈ ಹಾಕಿದಳು. ಒಂದು ಹಿಪ್ಪುನೇರಳೆ ಎಲೆ ಸಿಕ್ಕಿತು. ಅಷ್ಟೇ.

"ಒಳಗಿಟ್ಟಿದೀನಿ. ತತ್ತೀನಿ," ಎಂದಳು. ಕಿವಿ ಬಿಸಿಯಾಯಿತು.

ಚಿಕ್ಕಮ್ಮ ಸಂಜೆಯ ಪ್ಲೇನಿಗೆ ಅಸ್ಸಾಮಿಗೆ ಹೊರಟಿದ್ದಳು. ಗೂಡಿನ ಶೂಟಿಂಗ್ ಎಂದಾಗ ಇಂಚರ, "ಅಲ್ಲೂ ರೇಷ್ಮೆನಾ?" ಎಂದು ಕೇಳಿದ್ದಳು. ಅಲ್ಲ, ಹಕ್ಕಿಯ ಗೂಡು. ಮಂಗಟ್ಟೆ ಎಂಬ ದೊಡ್ಡ ಕೊಕ್ಕಿನ ಹಕ್ಕಿ ಮರದ ಪೊಟರೆಯೊಳಗೆ ಹೊಕ್ಕು, ಕೊಕ್ಕಿನಷ್ಟೇ ಸಂದಿ ಉಳಿಸಿ ಬಾಗಿಲು ಮೆತ್ತಿಕೊಂಡು, ಮೊಟ್ಟೆಯಿಟ್ಟು ಮರಿ ಮಾಡುತ್ತದಂತೆ. ಆ ಬಾಗಿಲು ನಾಳೆಯೋ ನಾಡಿದ್ದೋ ಒಡೆಯುತ್ತದೆ. ಅದಕ್ಕಾಗಿ ಕ್ಯಾಮೆರಾ ಕಾಡಿನಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲಬೇಕು. ಅಲ್ಲಿ ಹತ್ತಿರದಲ್ಲಿ ಯಾವ ಅಂಗಡಿಯೂ ಇಲ್ಲ.

ಇಂಚರ ಹುಳದ ಮನೆಗೆ ಓಡಿದಳು. ಬಾಗಿಲಲ್ಲಿ ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಒಳಗೆ ಹೋದಳು. ಬೆಳಿಗ್ಗೆ ಅಜ್ಜಿಯ ಜೊತೆ ಇಲ್ಲೇ ಹಣ್ಣಾದ ಹುಳಗಳನ್ನು ಆರಿಸಿ ಚಂದ್ರಿಕೆಗೆ ಬಿಟ್ಟಿದ್ದಳು. ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ; ಅದರ ಮೇಲೆ ಬಿದಿರಿನ ಪಟ್ಟಿ ಸುರುಳಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಪ್ಲೇಟು ಬಿದ್ದಿದ್ದರೆ ಬಗ್ಗಿದಾಗಲೇ ಬಿದ್ದಿರಬೇಕು. ಆದರೆ ಯಾವುದರೊಳಗೆ? ಗೋಡೆಯುದ್ದಕ್ಕೂ ಚಂದ್ರಿಕೆಗಳು ಒರಗಿ ನಿಂತಿದ್ದವು.

"ಏನ್ ಕಳಕೊಂಡೆ?" ಮೂಲೆಯಲ್ಲಿ ಕೂತಿದ್ದ ಅಜ್ಜಿ ಕೇಳಿದಳು.

"ಏನಿಲ್ಲ."

"ನಿನ್ ಮಖನೇ ಯೋಳ್ತಾ ಐತೆ."

"ಚಿಕ್ಕಮ್ಮನ ಪ್ಲೇಟು."

ಅಜ್ಜಿ ಬೈಯಲಿಲ್ಲ. "ಗೂಡು ಕಟ್ಟೋ ಹೊತ್ನಲ್ಲಿ ಚಂದ್ರಿಕೆ ಅಲ್ಲಾಡುಸ್ಬಾರ್ದು. ಕಣ್ಣಲ್ಲಿ ಹುಡುಕು. ಕೈಯಲ್ಲಿ ಬ್ಯಾಡ," ಎಂದಳು.

ಇಂಚರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೊದಲ ಚಂದ್ರಿಕೆಯ ಹತ್ತಿರ ಮುಖ ತಂದಳು.

ನಿನ್ನೆಯವರೆಗೂ ಈ ಮನೆಯಲ್ಲಿ ಸದಾ ಒಂದು ಸದ್ದಿತ್ತು. ಹುಳಗಳು ಸೊಪ್ಪು ಮೇಯುವ ಸದ್ದು, ತೆಂಗಿನ ಗರಿಯ ಮೇಲೆ ಜಿನುಗು ಮಳೆ ಬಿದ್ದಂತೆ. ಇವತ್ತು ಅದಿಲ್ಲ. ತಿನ್ನುವುದು ಮುಗಿದಿತ್ತು. ಹುಳಗಳ ಮೈ ಹಣ್ಣು ದ್ರಾಕ್ಷಿಯಂತಾಗಿತ್ತು, ಬೆಳಕು ಒಳಗೆ ಹೊಕ್ಕು ಹೊರಗೆ ಬರುತ್ತಿತ್ತು. ಎಲ್ಲ ಹುಳಗಳೂ ತಲೆ ಆಡಿಸುತ್ತಿದ್ದವು. ಅತ್ತ, ಇತ್ತ, ಮತ್ತೆ ಅತ್ತ. ಗಾಳಿಯಲ್ಲಿ ಎಂಟು ಎಂದು ಬರೆಯುತ್ತಿರುವಂತೆ.

ಇಂಚರ ಹುಟ್ಟಿದಾಗಿನಿಂದ ಹುಳ ನೋಡಿದವಳು. ಬುಟ್ಟಿ ತುಂಬಿದ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವುದನ್ನೂ ನೋಡಿದವಳು. ಆದರೆ ಕೈ ಕಟ್ಟಿಕೊಂಡು, ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ನೂಲು ಎಲ್ಲಿಂದ ಬರುತ್ತಿದೆ ಎಂದೇ ಕಾಣುತ್ತಿರಲಿಲ್ಲ. ಹುಳ ತಲೆ ತಿರುಗಿಸಿದಾಗ ಏನೋ ಒಂದು ಮಿಂಚಿ ಮಾಯವಾಗುತ್ತಿತ್ತು. ಒಂದಕ್ಕೆ ಇನ್ನೊಂದು ಹೇಳಿಕೊಡುತ್ತಿರಲಿಲ್ಲ. ಯಾರೂ ಯಾರನ್ನೂ ನೋಡಿ ಕಾಪಿ ಹೊಡೆಯುತ್ತಿರಲಿಲ್ಲ.

ಪ್ಲೇಟು ಹುಡುಕಲು ಬಂದಿದ್ದೇನೆ ಎಂಬುದು ಅವಳಿಗೆ ಆಗಾಗ ಮರೆತುಹೋಗುತ್ತಿತ್ತು. ನೆನಪಾದಾಗ ಮುಂದಿನ ಚಂದ್ರಿಕೆಗೆ ಸರಿಯುತ್ತಿದ್ದಳು.

ಬಾಗಿಲ ಬಳಿಯ ಚಂದ್ರಿಕೆಯಲ್ಲಿ ಅದು ಸಿಕ್ಕಿತು. ಎರಡು ಬಿದಿರು ಪಟ್ಟಿಗಳ ನಡುವೆ ಒರಗಿಕೊಂಡಿತ್ತು. ಇಂಚರ ಕೈ ಚಾಚಿದವಳು ಹಾಗೇ ನಿಂತಳು.

ಅಂಗಳಕ್ಕೆ ಹೋಗಿ, "ಚಿಕ್ಕಮ್ಮ, ಪ್ಲೇಟು ಒಳಗಿಟ್ಟಿದೀನಿ ಅಂದಿದ್ದು ಸುಳ್ಳು. ಬಿದ್ದೋಗಿತ್ತು," ಎಂದಳು. "ಈಗ ಸಿಕ್ತು. ಆದ್ರೆ ಖಾಲಿ ಇಲ್ಲ."

"ಖಾಲಿ ಇಲ್ಲ ಅಂದ್ರೆ?"

"ಅದ್ರಲ್ಲಿ ಹುಳ ಐತೆ."

ಚಿಕ್ಕಮ್ಮ ಬಂದು ಚಂದ್ರಿಕೆಯ ಮುಂದೆ ಮಂಡಿಯೂರಿದಳು. ಒಂದು ಹುಳ ಪ್ಲೇಟಿನಿಂದ ಬಿದಿರಿಗೆ, ಬಿದಿರಿನಿಂದ ಪ್ಲೇಟಿಗೆ ಎಳೆ ಕಟ್ಟುತ್ತಿತ್ತು. ಇನ್ನೂ ಗೂಡು ಆಗಿರಲಿಲ್ಲ. ಬರೀ ಎಳೆಗಳ ಜೋಲಿ. ಅದರ ನಡುವೆ ಹುಳ ತೂಗಾಡದೆ ನಿಂತಿತ್ತು.

"ಇದೂ ಮೊದಲು ಸ್ಟ್ಯಾಂಡ್ ಹಾಕ್ಕೊಳ್ತಿದೆ ಕಣೆ," ಎಂದಳು ಚಿಕ್ಕಮ್ಮ ಪಿಸುಮಾತಿನಲ್ಲಿ. "ಎರಡು ದಿನ ಶೂಟ್ ಮಾಡ್ದೆ. ಇದನ್ನ ನೋಡೇ ಇಲ್ಲ."

ಹೊರಗಿನಿಂದ ಅಪ್ಪನ ದನಿ ಬಂತು. "ಟ್ರಾಫಿಕ್‌ನಲ್ಲಿ ಸಿಕ್ಕಾಕಂಡ್ರೆ ಪ್ಲೇನು ನಿಂಗೋಸ್ಕರ ಕಾಯಾಕಿಲ್ಲ ಕಣಮ್ಮಿ."

"ಬಂದೆ ಭಾವ."

"ಹುಳಾನೂ ತಗೊಂಡೋಗು. ಡಬ್ಬೀಲಿ ಹಾಕ್ಕೊಡ್ತೀನಿ," ಎಂದಳು ಇಂಚರ.

"ಮುಕ್ಕಾಲಿನೇ ತಡೆಯೋರು ಹುಳಾನ ಬುಟ್ಟಾರಾ?" ಎಂದಳು ಅಜ್ಜಿ.

"ಕಿತ್ರೆ ಸತ್ತೋಯ್ತದಾ ಅಜ್ಜಿ?"

"ಸಾಯಾಕಿಲ್ಲ. ತಿರ್ಗಾ ಕಟ್ತದೆ. ಆದ್ರೆ ಹೊಟ್ಟೇಲಿರೋ ನೂಲು ಇದ್ದಷ್ಟೆ. ಈಗ ಹೋಗಿದ್ದು ಹೋಯ್ತು."

ಚಿಕ್ಕಮ್ಮ ಕೈ ಚಾಚಿ ಹಿಂದಕ್ಕೆ ಎಳೆದುಕೊಂಡಳು. "ನಂಗೆ ಇದು ಬೇಕೇ ಬೇಕು ಇಂಚರ," ಎಂದಳು. ಹುಳಕ್ಕೂ ಕೇಳಲಿ ಎಂಬಂತೆ ಹೇಳಿದಳು.

"ಗೊತ್ತು. ನಾನೇ ತೆಗೀತೀನಿ."

ಇಂಚರ ಪ್ಲೇಟಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದಳು. ಮೆಲ್ಲಗೆ ಎಳೆದಳು. ಕಣ್ಣಿಗೆ ಸರಿಯಾಗಿ ಕಾಣದ ಎಳೆಗಳು, ಆದರೂ ಕೂಡಲೇ ತುಂಡಾಗಲಿಲ್ಲ. ಅವಳ ಬೆರಳನ್ನೇ ಹಿಂದಕ್ಕೆ ಎಳೆದವು. ಆಮೇಲೆ ಒಂದೊಂದಾಗಿ ಬಿಟ್ಟುಕೊಟ್ಟವು. ಹುಳ ಬಿದಿರಿನ ಮೇಲೆ ಬಿದ್ದು, ತಲೆ ಎತ್ತಿ, ಕಲ್ಲಿನಂತೆ ನಿಂತಿತು.

ಚಿಕ್ಕಮ್ಮ ಪ್ಲೇಟಿಗೆ ಅಂಟಿದ್ದ ರೇಷ್ಮೆಯನ್ನು ಒರೆಸಲಿಲ್ಲ. ಹಾಗೇ ಕ್ಯಾಮೆರಾದ ತಳಕ್ಕೆ ಸ್ಕ್ರೂ ಹಾಕಿ ಬಿಗಿದಳು.

"ಸೂಟ್‌ಕೇಸ್ ಬೇಡ. ಇದು ನನ್ನ ಜೊತೇಲೇ ಬರ್ಲಿ. ವ್ಯಾನ್ ತನಕ ಬತ್ತೀಯಾ?"

ಇಂಚರ ತಲೆಯಾಡಿಸಿದಳು, ಇಲ್ಲ ಎಂದು. ಕಣ್ಣು ಹುಳದ ಮೇಲೇ ಇತ್ತು.

ಅಪ್ಪ ವ್ಯಾನು ಸ್ಟಾರ್ಟ್ ಮಾಡಿದ್ದು ಕೇಳಿತು. ಹುಳ ಅಲ್ಲಾಡಲಿಲ್ಲ. ಇಂಚರ ಚಂದ್ರಿಕೆಯ ಅಂಚು ಹಿಡಿದು ಅದರ ಮುಂದೆ ಕೂತಳು.

ಆಗ ಹುಳ ತಲೆಯನ್ನು ಒಂದಿಷ್ಟು ಎಡಕ್ಕೆ ತಿರುಗಿಸಿತು. ಬಿದಿರನ್ನು ಮುಟ್ಟಿತು. ಬಲಕ್ಕೆ ಬಂದಿತು. ಪ್ಲೇಟು ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಹುಳ ಅಲ್ಲೇ ಒಂದು ಗಳಿಗೆ ತಡವರಿಸಿತು. ಆಮೇಲೆ ಇನ್ನಷ್ಟು ಮುಂದಕ್ಕೆ ಚಾಚಿ, ಆಚೆಯ ಬಿದಿರನ್ನು ಮುಟ್ಟಿತು. ನಡುವೆ ಏನೋ ಮಿಂಚಿತು.

ವ್ಯಾನಿನ ಬಾಗಿಲು ಯಾವಾಗಲೂ ಬೀದಿಗೆಲ್ಲ ಕೇಳುವಂತೆ ಧಡಾರ್ ಎನ್ನುತ್ತಿತ್ತು. ಇವತ್ತು ಟಕ್ ಎಂದಿತು, ಅಷ್ಟೇ. ಹುಳ ಬೆಚ್ಚದಂತೆ ಯಾರು ಅಷ್ಟು ಮೆಲ್ಲಗೆ ಎಳೆದುಕೊಂಡಿರಬಹುದು ಎಂದು ಇಂಚರಳಿಗೆ ತಿರುಗಿ ನೋಡದೆಯೇ ಗೊತ್ತಾಯಿತು.

ಅವಳು ಚಂದ್ರಿಕೆಯ ಅಂಚಿನ ಮೇಲಿದ್ದ ತನ್ನ ಕೈಯನ್ನು ನಿಧಾನವಾಗಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.